ಕೃತಜ್ಞತೆ ಮತ್ತು ದೈನಂದಿನ ಸಂತೋಷ

ಕೃತಜ್ಞತೆ ಎಂದರೆ ತನಗೆ ದೊರೆತ ಒಳಿತನ್ನು ಒಳಿತೆಂದು ಗುರುತಿಸಿ, ಆ ಒಳಿತಿನ ಮೂಲವು ಸಂಪೂರ್ಣವಾಗಿ ತಾನೇ ಅಲ್ಲ ಎಂಬುದನ್ನು ಮನಸಾರೆ ಒಪ್ಪಿಕೊಳ್ಳುವ ಭಾವ. ಇದು ಒಬ್ಬ ವ್ಯಕ್ತಿಯ ಬಗ್ಗೆ ಇರಬಹುದು. ನೆಲ, ನೀರು, ಪ್ರಾಣಿ, ಉಪಕರಣ ಅಥವಾ ದೇವರ ಬಗ್ಗೆಯೂ ಇರಬಹುದು. ಧರ್ಮಗ್ರಂಥಗಳು ಮತ್ತು ನೀತಿಕೃತಿಗಳು ಇದನ್ನು ಬಹುಕಾಲದಿಂದ ಒಂದು ಸದ್ಗುಣವೆಂದು ವರ್ಣಿಸಿವೆ. ಇಪ್ಪತ್ತನೆಯ ಶತಮಾನದ ಕೊನೆಯಿಂದ ಮನೋವಿಜ್ಞಾನಿಗಳು ಇದನ್ನು ನಿತ್ಯಜೀವನದ ಸಂತೋಷಕ್ಕೆ ಸಂಬಂಧಿಸಿದ ಅಭ್ಯಾಸವೆಂದು ಪರಿಗಣಿಸಿ ಪ್ರಯೋಗಗಳ ಮೂಲಕ ಪರೀಕ್ಷಿಸುತ್ತಿದ್ದಾರೆ. ಕೃತಜ್ಞತೆಯು ಸಂತೋಷವನ್ನು ಕೊಡುತ್ತದೆ ಎಂಬ ಮಾತು ಇಂದು ಸರ್ವೇಸಾಮಾನ್ಯವಾಗಿದೆ. ಆದರೆ ಎಲ್ಲ ಬಗೆಯ ಕೃತಜ್ಞತೆಯೂ ಸಂತೋಷವನ್ನು ಕೊಡುವುದಿಲ್ಲ. ಸ್ವಯಂಪ್ರೇರಿತವಾಗಿ ಹುಟ್ಟುವ ಕೃತಜ್ಞತೆಗೂ ಹೊರಗಿನಿಂದ ಹೇರಲ್ಪಟ್ಟ ಋಣಭಾರಕ್ಕೂ ಇರುವ ವ್ಯತ್ಯಾಸವನ್ನು ತಿಳಿಯದಿದ್ದರೆ ಈ ವಿಷಯ ಅರ್ಥವಾಗುವುದಿಲ್ಲ.

ಪದದ ಅರ್ಥ

'ಕೃತ' ಎಂದರೆ ಮಾಡಿದ್ದು, 'ಜ್ಞ' ಎಂದರೆ ತಿಳಿದವನು. ತನಗಾಗಿ ಇತರರು ಮಾಡಿದ್ದನ್ನು ತಿಳಿದವನೇ ಕೃತಜ್ಞ. ಇದರ ವಿರುದ್ಧಪದವಾದ 'ಕೃತಘ್ನ' ಎಂಬುದಕ್ಕೆ ಮಾಡಿದ್ದನ್ನು ಕೊಲ್ಲುವವನು ಎಂದು ಅರ್ಥ. ಎರಡು ಪದಗಳ ನಡುವೆ ಇರುವುದು ಒಂದೇ ಒಂದು ಸಂಯುಕ್ತಾಕ್ಷರದ ಅಂತರ. ವಿದ್ಯಾರ್ಥಿಗಳ ಪತ್ರಲೇಖನದಲ್ಲಿ ಈ ಅಕ್ಷರ ಅದಲುಬದಲಾಗಿ, ಉಪಕಾರ ಮಾಡಿದವರಿಗೆ 'ನಾನು ಸದಾ ಕೃತಘ್ನನಾಗಿರುತ್ತೇನೆ' ಎಂಬ ಭರವಸೆ ದೊರೆಯುವುದು ಅಪರೂಪವೇನಲ್ಲ.

ಈ ಪದದ ರಚನೆಯಲ್ಲಿ ಗಮನಿಸಬೇಕಾದ ಅಂಶವೆಂದರೆ, ಅದು ಹೇಳುವುದು ತಿಳಿಯುವುದನ್ನು, ತೀರಿಸುವುದನ್ನಲ್ಲ. ಪಾಲಿ ಭಾಷೆಯ ಬೌದ್ಧ ಗ್ರಂಥಗಳು ಇವೆರಡನ್ನೂ ಬೇರ್ಪಡಿಸಿ, 'ಕತಞ್ಞು' ಮತ್ತು 'ಕತವೇದಿ' ಎಂಬ ಎರಡು ಪದಗಳನ್ನು ಜೊತೆಯಾಗಿ ಬಳಸುತ್ತವೆ. ಮೊದಲನೆಯದು ಉಪಕಾರವನ್ನು ಅರಿತವನು, ಎರಡನೆಯದು ಅದನ್ನು ನಡೆಯಲ್ಲಿ ತೋರುವವನು. ತಾನಾಗಿ ಮೊದಲು ಉಪಕಾರ ಮಾಡುವವರು ಮತ್ತು ಅದನ್ನು ಅರಿತು ನಡೆಯುವವರು, ಈ ಎರಡು ಬಗೆಯ ಜನರು ಲೋಕದಲ್ಲಿ ದುರ್ಲಭ ಎಂಬ ಬುದ್ಧನ ಅಭಿಪ್ರಾಯ ಅಂಗುತ್ತರ ನಿಕಾಯದಲ್ಲಿ ದಾಖಲಾಗಿದೆ.

ಋಣ ಮತ್ತು ಹಂಗು

ಕನ್ನಡದಲ್ಲಿ ಈ ಭಾವದ ಎರಡು ಮುಖಗಳಿಗೆ ಎರಡು ಪದಗಳಿವೆ. 'ಋಣ' ಎಂಬುದು ಸಾಮಾನ್ಯವಾಗಿ ಗೌರವದ ಮಾತು. ಅನ್ನದ ಋಣ, ಮಣ್ಣಿನ ಋಣ, ಗುರುವಿನ ಋಣ ಎನ್ನುವಾಗ ಹೇಳುವವನ ದನಿಯಲ್ಲಿ ಬೇಸರವಿರುವುದಿಲ್ಲ. 'ಹಂಗು' ಎಂಬುದು ಹಾಗಲ್ಲ. ಹಂಗಿನಲ್ಲಿ ಬದುಕುವುದೆಂದರೆ ಕೊಟ್ಟವನ ಎದುರು ತಲೆ ಎತ್ತಲಾಗದೆ ಬದುಕುವುದು. ಹಂಗಿನ ಅರಮನೆಗಿಂತ ಸ್ವಂತದ ಗುಡಿಸಲು ಮೇಲೆಂಬ ಅರ್ಥದ ಮಾತುಗಳು ಕನ್ನಡದಲ್ಲಿ ಹಲವಿವೆ. ಅದೇ ವೇಳೆಗೆ 'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು' ಎಂಬ ಗಾದೆ ಉಪಕಾರವನ್ನು ಮರೆಯುವವರನ್ನು ಹಂಗಿಸುತ್ತದೆ. ಅಂದರೆ ನಮ್ಮ ಭಾಷೆ ಮರೆವನ್ನೂ ಒಪ್ಪುವುದಿಲ್ಲ, ದಾಸ್ಯವನ್ನೂ ಒಪ್ಪುವುದಿಲ್ಲ.

ಈ ಭೇದವನ್ನು ಇತ್ತೀಚೆಗೆ ಪ್ರಯೋಗಗಳೂ ಗುರುತಿಸಿವೆ. ಅಮೆರಿಕದ ಮನೋವಿಜ್ಞಾನಿ ಫಿಲಿಪ್ ವಾಟ್ಕಿನ್ಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಪಕಾರ ಮಾಡಿದವನು ಪ್ರತಿಫಲವನ್ನು ಹೆಚ್ಚು ಹೆಚ್ಚು ನಿರೀಕ್ಷಿಸಿದಂತೆ ಪಡೆದವನಲ್ಲಿ ಋಣಭಾರದ ಭಾವನೆ ಏರುತ್ತದೆ, ಕೃತಜ್ಞತೆ ಇಳಿಯುತ್ತದೆ ಎಂದು ಕಂಡುಬಂದಿತು. ಹೊರನೋಟಕ್ಕೆ ಒಂದೇ ಎನಿಸುವ ಈ ಎರಡು ಭಾವಗಳು ಒಳಗೆ ಪರಸ್ಪರ ವಿರುದ್ಧವಾಗಿ ವರ್ತಿಸುತ್ತವೆ. ನೆರೆಮನೆಯವರು ಕೊಟ್ಟ ಒಂದು ಬಟ್ಟಲು ಪಾಯಸ ಸಂತೋಷ ಕೊಡುತ್ತದೆ. ಅದನ್ನೇ ಅವರು ನಾಲ್ಕು ಜನರ ಎದುರು ಮೂರು ಸಲ ನೆನಪಿಸಿದರೆ ಬಾಯಲ್ಲಿ ಉಳಿಯುವ ರುಚಿಯೇ ಬೇರೆ.

ಪ್ರಾಚೀನ ಗ್ರಂಥಗಳಲ್ಲಿ

ತೈತ್ತಿರೀಯ ಸಂಹಿತೆಯಲ್ಲಿ ಋಷಿಋಣ, ದೇವಋಣ ಮತ್ತು ಪಿತೃಋಣ ಎಂಬ ಮೂರು ಋಣಗಳ ಪ್ರಸ್ತಾಪವಿದೆ. ಶತಪಥ ಬ್ರಾಹ್ಮಣವು ಇವುಗಳಿಗೆ ಮನುಷ್ಯಋಣವನ್ನು ಸೇರಿಸಿ, ಅದನ್ನು ಆತಿಥ್ಯದಿಂದ ತೀರಿಸಬೇಕೆಂದು ಹೇಳುತ್ತದೆ. ಈ ಸೇರ್ಪಡೆ ಸಣ್ಣದಲ್ಲ. ನಮಗೆ ಉಪಕಾರ ಮಾಡಿದವರಿಗೇ ಹಿಂದಿರುಗಿಸಬೇಕೆಂದಿಲ್ಲ, ಬಾಗಿಲಿಗೆ ಬಂದ ಅಪರಿಚಿತನಿಗೆ ನೀಡಿದರೂ ಸಲ್ಲುತ್ತದೆ ಎಂಬ ವಿಶಾಲವಾದ ಭಾವ ಇದರಲ್ಲಿದೆ.

ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ, ರಾಜ್ಯ ದೊರೆತ ಮೇಲೆ ಸುಗ್ರೀವನು ಭೋಗದಲ್ಲಿ ಮುಳುಗಿ ಸೀತಾನ್ವೇಷಣೆಯ ಮಾತನ್ನು ಮರೆಯುತ್ತಾನೆ. ಕೋಪಗೊಂಡು ಬಂದ ಲಕ್ಷ್ಮಣನ ವಾದವೆಂದರೆ, ಘೋರವಾದ ಇತರ ಪಾಪಗಳಿಗೂ ಪ್ರಾಯಶ್ಚಿತ್ತವಿದೆ, ಕೃತಘ್ನನಿಗೆ ಮಾತ್ರ ಇಲ್ಲ ಎಂಬುದು. ಇಲ್ಲಿ ಸುಗ್ರೀವನು ದುಷ್ಟನಲ್ಲ, ಸುಖದಲ್ಲಿ ಮೈಮರೆತವನು. ಕೃತಘ್ನತೆ ಬಹುತೇಕ ದ್ವೇಷದಿಂದಲ್ಲ, ಮರೆವಿನಿಂದ ಹುಟ್ಟುತ್ತದೆ ಎಂಬುದನ್ನು ಕವಿ ಚೆನ್ನಾಗಿ ಅರಿತಿದ್ದನು.

ತಮಿಳಿನ ತಿರುಕ್ಕುರಳ್ ತನ್ನ 11ನೆಯ ಅಧ್ಯಾಯದ ಹತ್ತು ದ್ವಿಪದಿಗಳನ್ನು ಇದೇ ವಿಷಯಕ್ಕೆ ಮೀಸಲಿಟ್ಟಿದೆ. ಒಂದನೆಯ ಶತಮಾನದ ರೋಮನ್ ಚಿಂತಕ ಸೆನೆಕಾ ಉಪಕಾರಗಳನ್ನು ಕುರಿತು ಏಳು ಸಂಪುಟಗಳ ಗ್ರಂಥವನ್ನು ಬರೆದು, ಜನರು ಕೃತಘ್ನರಾಗಲು ಅತಿಯಾದ ಸ್ವಾಭಿಮಾನ, ದುರಾಸೆ ಮತ್ತು ಅಸೂಯೆ ಕಾರಣಗಳೆಂದು ವಿವರಿಸಿದನು. 1759ರಲ್ಲಿ ಆಡಮ್ ಸ್ಮಿತ್ ತನ್ನ ನೈತಿಕ ಭಾವನೆಗಳ ಸಿದ್ಧಾಂತದ ಗ್ರಂಥದಲ್ಲಿ ಕೃತಜ್ಞತೆಗೆ ಮಹತ್ವದ ಸ್ಥಾನ ನೀಡಿದನು.

ಕರ್ನಾಟಕದಲ್ಲಿ

ಹತ್ತನೆಯ ಶತಮಾನದ ಆತಕೂರು ಶಾಸನವು ಈ ದೃಷ್ಟಿಯಿಂದ ಓದಬೇಕಾದ ದಾಖಲೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗರ ಇಮ್ಮಡಿ ಬೂತುಗನ ನೆರವಿನಿಂದ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಪ್ರಸಂಗ ಇದರಲ್ಲಿದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು. ನಾಯಿ, ಹಂದಿ ಎರಡೂ ಸತ್ತವು. ಮಣಲೇರನು ಅದರ ಸ್ಮರಣೆಗೆ ಆತಕೂರಿನ ದೇವಾಲಯದ ಎದುರು ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟನು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಊಟಮಾಡುವ ಅರ್ಚಕನಿಗೆ ಪಾಪ ತಟ್ಟುತ್ತದೆಂದೂ ಶಾಸನ ಎಚ್ಚರಿಸುತ್ತದೆ. ಸಾಮ್ರಾಜ್ಯಗಳ ಯುದ್ಧದ ವಾರ್ತೆ ಮತ್ತು ಒಂದು ನಾಯಿಯ ಸ್ಮರಣೆ ಒಂದೇ ಕಲ್ಲಿನ ಮೇಲೆ ಇರುವುದು ವಿಶೇಷ. ಮಂಡ್ಯ ಜಿಲ್ಲೆಯಲ್ಲಿ ದೊರೆತ ಈ ಶಿಲೆಯನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.

ಕೃಷಿಯ ಆಚರಣೆಗಳಲ್ಲಿ ಕೃತಜ್ಞತೆ ಇನ್ನೂ ಜೀವಂತವಾಗಿದೆ. ಮಲೆನಾಡಿನ ಭೂಮಿ ಹುಣ್ಣಿಮೆಯಂದು ತೆನೆ ಕಟ್ಟುತ್ತಿರುವ ಭತ್ತದ ಗದ್ದೆಯನ್ನು ಬಸುರಿ ಹೆಣ್ಣೆಂದು ಭಾವಿಸಿ, ಬಯಕೆಯ ಅಡುಗೆಯನ್ನು ಪೈರಿಗೆ ಎರಚುತ್ತಾರೆ. ದೀವರ ಮಹಿಳೆಯರು ಅದಕ್ಕಾಗಿ ಚಿತ್ತಾರ ಬರೆದು ಸಿದ್ಧಪಡಿಸುವ ಭೂಮಣ್ಣಿ ಬುಟ್ಟಿಯು ಜನಪದ ಕಲೆಯ ಸುಂದರ ಮಾದರಿಯಾಗಿದೆ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ದಿನ ಮನೆಮಂದಿ ಬಂಧುಬಳಗದೊಡನೆ ಹೊಲಕ್ಕೆ ಹೋಗಿ ಮೊದಲು ಚರಗ ಚೆಲ್ಲಿ, ಅನಂತರ ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಹಳೆಯ ಮೈಸೂರು ಭಾಗದಲ್ಲಿ ಸಂಕ್ರಾಂತಿಗೆ ಎತ್ತುಗಳ ಮೈತೊಳೆದು ಶೃಂಗರಿಸಿ ಕಿಚ್ಚು ಹಾಯಿಸುವುದು, ಕೊಡಗಿನ ಹುತ್ತರಿ, ಕರಾವಳಿಯ ಕ್ರೈಸ್ತರು ಸೆಪ್ಟೆಂಬರ್ 8ರಂದು ಹೊಸ ತೆನೆಯನ್ನು ಪವಿತ್ರಗೊಳಿಸಿ ಆಚರಿಸುವ ಮೊಂತಿ ಹಬ್ಬ ಇವೂ ಇದೇ ಸಾಲಿಗೆ ಸೇರುತ್ತವೆ. ಆಯುಧಪೂಜೆಯ ದಿನ ನೇಗಿಲು, ಹೊಲಿಗೆಯಂತ್ರ, ಬಸ್ಸುಗಳಿಗೆ ಹೂವೇರುತ್ತದೆ. ಇಲ್ಲೆಲ್ಲ 'ಧನ್ಯವಾದ' ಎಂಬ ಮಾತು ಕೇಳಿಬರುವುದಿಲ್ಲ; ಉಣಿಸುವುದು, ತೊಳೆಯುವುದು, ಅಲಂಕರಿಸುವುದು ಇವೇ ಕೃತಜ್ಞತೆಯ ಭಾಷೆ.

ಆಧುನಿಕ ಸಾಹಿತ್ಯದಲ್ಲಿ ಕುವೆಂಪು ಅವರು 1949ರಲ್ಲಿ ಪ್ರಕಟವಾದ ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ತಮ್ಮ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದ್ದಾರೆ. ವೆಂಕಣ್ಣಯ್ಯನವರು ಆ ವೇಳೆಗೆ ತೀರಿಕೊಂಡು ಹತ್ತು ವರ್ಷಗಳಾಗಿದ್ದವು. ಡಿ. ವಿ. ಗುಂಡಪ್ಪನವರ ಜ್ಞಾಪಕ ಚಿತ್ರಶಾಲೆಯ ಸಂಪುಟಗಳನ್ನೂ ಒಂದು ದೀರ್ಘವಾದ ಉಪಕಾರಸ್ಮರಣೆ ಎಂದು ಓದಬಹುದು. ಅಲ್ಲಿ ದಿವಾನರಿಗೂ ವಿದ್ವಾಂಸರಿಗೂ ದೊರೆತ ಸ್ಥಾನ ಹೆಸರಾಗದ ಸಾಮಾನ್ಯರಿಗೂ ದೊರೆತಿದೆ.

ಸಂತೋಷಕ್ಕೂ ಕೃತಜ್ಞತೆಗೂ ಇರುವ ಸಂಬಂಧ

ಮನುಷ್ಯನ ಮನಸ್ಸು ಯಾವುದಕ್ಕೂ ಬೇಗನೆ ಒಗ್ಗಿಕೊಳ್ಳುತ್ತದೆ. ಹೊಸ ಮನೆ, ಹೊಸ ಉದ್ಯೋಗ, ಹೊಸ ವಾಹನ ಕೆಲವು ತಿಂಗಳುಗಳಲ್ಲಿ ಸಾಮಾನ್ಯವಾಗಿ ಬಿಡುತ್ತವೆ. ಇದನ್ನು ಮನೋವಿಜ್ಞಾನಿಗಳು ಸುಖದ ಒಗ್ಗುವಿಕೆ ಎಂದು ಕರೆಯುತ್ತಾರೆ. ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ 22 ಮಂದಿ ಲಾಟರಿ ವಿಜೇತರನ್ನು ಸಾಮಾನ್ಯ ಜನರೊಡನೆ ಹೋಲಿಸಲಾಯಿತು. ವಿಜೇತರು ಇತರರಿಗಿಂತ ಗಣನೀಯವಾಗಿ ಹೆಚ್ಚು ಸುಖಿಗಳಾಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಬೆಳಗಿನ ಉಪಾಹಾರ, ಗೆಳೆಯರೊಡನೆ ಮಾತು, ಪತ್ರಿಕೆಯ ಓದು ಮೊದಲಾದ ನಿತ್ಯದ ಸಂಗತಿಗಳಿಂದ ಅವರಿಗೆ ದೊರೆಯುತ್ತಿದ್ದ ಸಂತೋಷ ಇತರರಿಗಿಂತ ಕಡಿಮೆಯಾಗಿತ್ತು. ಅಧ್ಯಯನ ಚಿಕ್ಕದಾದುದರಿಂದ ಇದನ್ನು ಅಂತಿಮ ತೀರ್ಪೆಂದು ಭಾವಿಸಬಾರದು. ಆದರೂ ದೊಡ್ಡ ಸುಖವು ಚಿಕ್ಕ ಸುಖಗಳ ರುಚಿಯನ್ನು ಕೆಡಿಸಬಲ್ಲದು ಎಂಬ ಸೂಚನೆ ಗಂಭೀರವಾದುದು.

ಕೃತಜ್ಞತೆ ಈ ಒಗ್ಗುವಿಕೆಯನ್ನು ತಡೆಯುವ ಒಂದು ಉಪಾಯ. ಅದು ಹೊಸದಾಗಿ ಏನನ್ನೂ ತಂದುಕೊಡುವುದಿಲ್ಲ. ಇರುವುದನ್ನು ಮತ್ತೆ ಕಾಣುವಂತೆ ಮಾಡುತ್ತದೆ. ಹಳ್ಳಿಯ ಮನೆಯೊಂದರಲ್ಲಿ ಮುಂಜಾನೆ ನಲ್ಲಿಯಲ್ಲಿ ನೀರು ಬರುವುದನ್ನೇ ಉದಾಹರಣೆಯಾಗಿ ನೋಡಬಹುದು. ನೀರು ಬಾರದ ದಿನ ಮನೆಯವರೆಲ್ಲರಿಗೂ ನೀರುಗಂಟಿಯ ನೆನಪಾಗುತ್ತದೆ, ಅದೂ ಬೈಗುಳದ ರೂಪದಲ್ಲಿ. ನೀರು ಬಂದ ದಿನಗಳಲ್ಲಿ ಆತನು ಎಷ್ಟು ಗಂಟೆಗೆ ಎದ್ದು ಕವಾಟ ತಿರುಗಿಸಿದನೆಂದು ಯಾರೂ ಯೋಚಿಸುವುದಿಲ್ಲ. ಇನ್ನೂ ಕತ್ತಲಿರುವಾಗ ಹಾಲು ತಂದವರು, ಪತ್ರಿಕೆ ಎಸೆದು ಹೋದವರು, ಬೀದಿ ಗುಡಿಸಿದ ಪೌರಕಾರ್ಮಿಕರು ಎಲ್ಲರೂ ಕೆಲಸ ಸರಿಯಾಗಿ ನಡೆದ ಕಾರಣಕ್ಕೇ ಅದೃಶ್ಯರಾಗುತ್ತಾರೆ. ಇವರನ್ನು ಕಾಣುವ ಕಣ್ಣು ತೆರೆದಾಗ ಲೋಕ ತನ್ನ ವಿರುದ್ಧ ನಿಂತಿದೆ ಎಂಬ ಭಾವನೆ ಸಡಿಲಗೊಳ್ಳುತ್ತದೆ. ನಿತ್ಯದ ಸಂತೋಷಕ್ಕೆ ಕೃತಜ್ಞತೆ ನೆರವಾಗುವುದು ಮುಖ್ಯವಾಗಿ ಈ ಮಾರ್ಗದಿಂದ.

ಪ್ರಯೋಗಗಳು

ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಆರಂಭಬಿಂದು ಎನಿಸಿದೆ. ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ವಾರಕ್ಕೊಮ್ಮೆ ತಾವು ಕೃತಜ್ಞರಾಗಿರುವ ಐದರವರೆಗಿನ ಸಂಗತಿಗಳನ್ನೂ, ಇನ್ನೊಂದಕ್ಕೆ ಕಿರಿಕಿರಿಯ ಸಂಗತಿಗಳನ್ನೂ, ಮೂರನೆಯದಕ್ಕೆ ಸಾಮಾನ್ಯ ಘಟನೆಗಳನ್ನೂ ಬರೆಯಲು ಹೇಳಲಾಯಿತು. ಮೊದಲ ಗುಂಪಿನವರು ತಮ್ಮ ಬದುಕನ್ನು ಒಟ್ಟಾರೆಯಾಗಿ ಹೆಚ್ಚು ಒಳ್ಳೆಯದೆಂದು ಅಳೆದರು. ದೈಹಿಕ ತೊಂದರೆಗಳನ್ನು ಕಡಿಮೆ ಹೇಳಿಕೊಂಡರು. ನರಸ್ನಾಯು ರೋಗವಿರುವ ವಯಸ್ಕರು 21 ದಿನ ಇಂತಹುದೇ ದಿನಚರಿಯನ್ನು ಬರೆದಾಗ ಅವರ ಮನಃಸ್ಥಿತಿ ಮತ್ತು ನಿದ್ರೆ ಉತ್ತಮಗೊಂಡವು. ಅವರ ರೋಗ ವಾಸಿಯಾಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಈ ಅಧ್ಯಯನವನ್ನು ಉತ್ಪ್ರೇಕ್ಷಿಸಿ ಹೇಳುವವರು ಬಹಳ ಮಂದಿ.

ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರ 2005ರ ಅಧ್ಯಯನದಲ್ಲಿ ಎರಡು ಅಭ್ಯಾಸಗಳು ಗಮನ ಸೆಳೆದವು. ಒಂದು, ವಾರಪೂರ್ತಿ ಪ್ರತಿ ರಾತ್ರಿ ಅಂದು ನಡೆದ ಮೂರು ಒಳ್ಳೆಯ ಸಂಗತಿಗಳನ್ನು ಅವುಗಳ ಕಾರಣಸಹಿತ ಬರೆಯುವುದು. ಇನ್ನೊಂದು, ತನಗೆ ಉಪಕಾರ ಮಾಡಿಯೂ ಸರಿಯಾಗಿ ವಂದನೆ ಪಡೆಯದ ಒಬ್ಬರಿಗೆ ಪತ್ರ ಬರೆದು, ತಾನೇ ಹೋಗಿ ಅದನ್ನು ಮುಟ್ಟಿಸುವುದು. ಪತ್ರದ ಭೇಟಿಯಿಂದ ಸಂತೋಷ ಬಹಳ ಏರಿತಾದರೂ ಪರಿಣಾಮ ಸುಮಾರು ಒಂದು ತಿಂಗಳು ಉಳಿಯಿತು. ಮೂರು ಸಂಗತಿಗಳ ಅಭ್ಯಾಸದ ಪರಿಣಾಮ ನಿಧಾನವಾಗಿ ಬಂದು ಆರು ತಿಂಗಳವರೆಗೂ ಕಂಡಿತು.

ಹೆಚ್ಚು ಬರೆದಷ್ಟೂ ಹೆಚ್ಚು ಫಲ ಎಂಬುದೂ ನಿಜವಲ್ಲ. ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರ ಆರು ವಾರಗಳ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರ ಸಂತೋಷ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರದು ಹೆಚ್ಚಲಿಲ್ಲ. ಕಾಪಿ ಬರೆಸಿದ ಮಕ್ಕಳ ಕೈಬರಹವನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹತ್ತನೆಯ ಸಾಲಿನ ಹೊತ್ತಿಗೆ ಕೈ ಬರೆಯುತ್ತಿರುತ್ತದೆ, ಮನಸ್ಸು ಅಲ್ಲಿರುವುದಿಲ್ಲ. ಮಿಂಕ್ಯೂಂಗ್ ಕೂ ಮತ್ತು ಸಂಗಡಿಗರು 2008ರಲ್ಲಿ ಇನ್ನೊಂದು ದಾರಿಯನ್ನು ತೋರಿಸಿದರು. ಒಳ್ಳೆಯ ಘಟನೆಯೊಂದು ಹೇಗೆ ನಡೆಯಿತೆಂದು ನೆನೆಯುವುದಕ್ಕಿಂತ, ಅದು ನಡೆಯದೇ ಹೋಗಬಹುದಾಗಿದ್ದ ಬಗೆಗಳನ್ನು ಕಲ್ಪಿಸಿಕೊಂಡಾಗ ಮನಸ್ಸು ಹೆಚ್ಚು ಪ್ರಸನ್ನವಾಗುತ್ತದೆ ಎಂಬುದು ಅವರ ನಿರ್ಣಯ. ಬಾಳಸಂಗಾತಿಯನ್ನು, ಆಪ್ತ ಗೆಳೆಯನನ್ನು ಅಥವಾ ಓದಿಸಿದ ಶಿಕ್ಷಕರನ್ನು ಭೇಟಿಯಾಗದೇ ಹೋಗಿದ್ದರೆ ಎಂದು ಐದು ನಿಮಿಷ ಯೋಚಿಸುವುದು ಹತ್ತು ಹೆಸರುಗಳ ಪಟ್ಟಿಗಿಂತ ಹೆಚ್ಚು ಪ್ರಯೋಜನಕಾರಿ.

ಹೇಳುವುದು ಮತ್ತು ಹೇಳದಿರುವುದು

ಕನ್ನಡ ಕುಟುಂಬಗಳಲ್ಲಿ ತಾಯಿಗೆ, ಹೆಂಡತಿಗೆ, ಅಣ್ಣನಿಗೆ 'ಧನ್ಯವಾದ' ಹೇಳುವ ರೂಢಿ ವಿರಳ. ಹೇಳಿದರೆ ಪರಕೀಯನಂತೆ ಮಾತನಾಡಿದ ಎಂಬ ಆಕ್ಷೇಪವೂ ಬರಬಹುದು. 'ಥ್ಯಾಂಕ್ಸ್' ಎಂಬುದು ಈಗ ಸಲೀಸಾಗಿದೆಯಾದರೂ ಅದು ಬಹುಮಟ್ಟಿಗೆ ಅಂಗಡಿ ಮತ್ತು ಕಚೇರಿಗಳ ಮಾತು. ಇದನ್ನು ಕೃತಜ್ಞತೆಯ ಕೊರತೆ ಎಂದು ಭಾವಿಸುವುದು ತಪ್ಪು. ಸಿಮಿಯೋನ್ ಫ್ಲಾಯ್ಡ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ, ಎಂಟು ಭಾಷೆಗಳ ನಿತ್ಯದ ಮಾತುಕತೆಗಳ ಅಧ್ಯಯನದಲ್ಲಿ, ಕೇಳಿದ ಸಹಾಯ ದೊರೆತಾಗ ಜನರು ಬಾಯಿಮಾತಿನ ವಂದನೆ ಹೇಳಿದ್ದು ಸುಮಾರು ಇಪ್ಪತ್ತಕ್ಕೆ ಒಂದು ಸಲ ಮಾತ್ರ. ಇಂಗ್ಲಿಷ್ ಮತ್ತು ಇಟಾಲಿಯನ್ ಭಾಷಿಕರಲ್ಲಿ ಈ ಪ್ರಮಾಣ ಕೊಂಚ ಹೆಚ್ಚಿತ್ತು. ಕನ್ನಡ ಆ ಎಂಟರಲ್ಲಿ ಇರಲಿಲ್ಲ. ಆಪ್ತರ ನಡುವೆ ಸಹಕಾರವೇ ಸಹಜ ನಿಯಮವಾದುದರಿಂದ ಅದನ್ನು ಪ್ರತಿಬಾರಿ ಮಾತಿನಲ್ಲಿ ಗುರುತಿಸುವ ಅಗತ್ಯ ಬೀಳುವುದಿಲ್ಲ ಎಂದು ಸಂಶೋಧಕರು ವಿವರಿಸುತ್ತಾರೆ.

ಹಾಗಿದ್ದರೂ ಎಂದೂ ಹೇಳದಿರುವುದರಿಂದ ನಷ್ಟವಿದೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅವರ 2018ರ ಪ್ರಯೋಗಗಳಲ್ಲಿ, ಕೃತಜ್ಞತೆಯ ಪತ್ರ ಬರೆದವರು ಪಡೆದವರಿಗೆ ಆಗುವ ಸಂತೋಷವನ್ನು ಕಡಿಮೆಯೆಂದೂ, ಅವರಿಗೆ ಆಗುವ ಮುಜುಗರವನ್ನು ಹೆಚ್ಚೆಂದೂ ತಪ್ಪಾಗಿ ಅಂದಾಜು ಮಾಡಿದ್ದರು. ನನ್ನ ಭಾಷೆ ಚೆನ್ನಾಗಿಲ್ಲ, ಅವರು ಏನೆಂದುಕೊಳ್ಳುವರೋ ಎಂಬ ಸಂಕೋಚ ಬರೆಯುವವರನ್ನು ತಡೆಯುತ್ತದೆ. ಪಡೆಯುವವರು ನೋಡುವುದು ಭಾಷೆಯನ್ನಲ್ಲ, ಆತ್ಮೀಯತೆಯನ್ನು. ಇದಕ್ಕೆ ಪ್ರತಿಯಾಗಿ ನಮ್ಮ ಸಭೆಗಳ ವಂದನಾರ್ಪಣೆ ನಿಲ್ಲುತ್ತದೆ. ಅಲ್ಲಿ ಶಾಮಿಯಾನದವರಿಂದ ಹಿಡಿದು ಅಧ್ಯಕ್ಷರವರೆಗೆ ಯಾರ ಹೆಸರೂ ಬಿಟ್ಟುಹೋಗುವುದಿಲ್ಲ, ಕೇಳಲು ಮಾತ್ರ ಯಾರೂ ಉಳಿದಿರುವುದಿಲ್ಲ.

ಮಿತಿಗಳು ಮತ್ತು ಟೀಕೆ

ಕೃತಜ್ಞತೆಯ ಅಭ್ಯಾಸ ಚಿಕಿತ್ಸೆಯಲ್ಲ. 27 ಅಧ್ಯಯನಗಳನ್ನು ಒಟ್ಟುಗೂಡಿಸಿ ಡೇವಿಡ್ ಕ್ರೆಗ್ ಮತ್ತು ಜೆನಿಫರ್ ಚೀವೆನ್ಸ್ ನಡೆಸಿದ ವಿಶ್ಲೇಷಣೆಯ ಪ್ರಕಾರ, ಖಿನ್ನತೆ ಮತ್ತು ಆತಂಕದ ಲಕ್ಷಣಗಳ ಮೇಲೆ ಇದರ ಪ್ರಭಾವ ಅಲ್ಪ. ಖಿನ್ನತೆಯಿಂದ ಬಳಲುವವರಿಗೆ 'ನಿನಗೇನು ಕಡಿಮೆಯಾಗಿದೆ, ಇರುವುದನ್ನು ನೆನೆದು ಸಂತೋಷಪಡು' ಎನ್ನುವುದು ಅವರ ನೋವಿಗೆ ಅಪರಾಧಪ್ರಜ್ಞೆಯನ್ನೂ ಸೇರಿಸಿದಂತೆ. ಅವರಿಗೆ ಬೇಕಾದುದು ವೈದ್ಯರ ನೆರವು. 'ನಮಗಿಂತ ಕೆಳಗಿರುವವರನ್ನು ನೋಡಿ ಸಮಾಧಾನಪಡು' ಎಂಬ ಪ್ರಚಲಿತ ಉಪದೇಶವನ್ನೂ ಕೃತಜ್ಞತೆ ಎನ್ನಲಾಗದು. ಅನ್ಯರ ದುಃಖವನ್ನು ತನ್ನ ಸುಖದ ಅಳತೆಗೋಲಾಗಿಸುವ ಆ ಸಮಾಧಾನದಲ್ಲಿ ಉಪಕಾರದ ಅರಿವು ಎಲ್ಲಿಯೂ ಇಲ್ಲ.

ಇದಕ್ಕಿಂತ ಗಂಭೀರವಾದುದು ಕೃತಜ್ಞತೆಯನ್ನು ಅಧಿಕಾರದ ಸಾಧನವಾಗಿ ಬಳಸುವುದು. ಹಳಗನ್ನಡ ಸಾಹಿತ್ಯದಲ್ಲಿ 'ಜೋಳದ ಪಾಳಿ' ಎಂಬ ಕಲ್ಪನೆಯಿದೆ. ಒಡೆಯನ ಜೋಳವನ್ನು ಉಂಡ ಭಟನು ಆ ಋಣಕ್ಕೆ ಪ್ರಾಣವನ್ನೇ ಕೊಡಬೇಕು ಎಂಬುದು ಅದರ ತಾತ್ಪರ್ಯ. ಮಹಾಭಾರತದ ಕರ್ಣನು ತನ್ನ ಹುಟ್ಟನ್ನು ತಿಳಿದ ಬಳಿಕವೂ ದುರ್ಯೋಧನನನ್ನು ಬಿಡುವುದಿಲ್ಲ. ಪಂಪನಿಂದ ಮೊದಲುಗೊಂಡು ಕನ್ನಡ ಕವಿಗಳು ಅವನ ನಿಷ್ಠೆಯನ್ನು ಮೆಚ್ಚಿ ಮರುಗಿದ್ದಾರೆ. ಆದರೆ ಅದೇ ಕೃತಜ್ಞತೆ ಅವನನ್ನು ಅನ್ಯಾಯದ ಪಕ್ಷದಲ್ಲಿ ನಿಲ್ಲಿಸಿತು ಎಂಬುದನ್ನೂ ಮರೆಯುವಂತಿಲ್ಲ. ಜೀತಪದ್ಧತಿಯಲ್ಲಿ ಈ ತರ್ಕ ತನ್ನ ಕ್ರೂರ ರೂಪವನ್ನು ತಾಳಿತು. ತಂದೆ ಪಡೆದ ಅಲ್ಪ ಸಾಲಕ್ಕೆ ಮಗನೂ ದುಡಿಯಬೇಕು, ದುಡಿಯುತ್ತ ಅನ್ನ ಹಾಕಿದ ಒಡೆಯನಿಗೆ ಕೃತಜ್ಞನಾಗಿಯೂ ಇರಬೇಕು. ಭಾರತದಲ್ಲಿ 1976ರ ಜೀತ ಕಾರ್ಮಿಕ ಪದ್ಧತಿ (ರದ್ದತಿ) ಅಧಿನಿಯಮವು ಇಂತಹ ಸಾಲವನ್ನು ತೀರಿಸುವ ಹೊಣೆಯನ್ನೇ ಅಳಿಸಿಹಾಕಿತು. 'ಉಂಡ ಮನೆಗೆ ಎರಡು ಬಗೆಯಬಾರದು' ಎಂಬ ಮಾತು ನೀತಿಯೇ ಹೌದು. ಆದರೆ ಉಣಿಸಿದವನು ಉಂಡವನ ಬೆವರಿನಿಂದಲೇ ಕಣಜ ತುಂಬಿಸಿಕೊಂಡಿದ್ದರೆ ಯಾರು ಯಾರಿಗೆ ಋಣಿ ಎಂಬ ಪ್ರಶ್ನೆ ಏಳುತ್ತದೆ. ಮನೆಗೆಲಸದವರಿಗೆ ಹಬ್ಬದ ದಿನ ಹಳೆಯ ಸೀರೆ ಕೊಟ್ಟು ಸಂಬಳ ಏರಿಸದಿರುವುದು, ಗಂಡನ ಮನೆಯ ಅನ್ನವನ್ನು ನೆನಪಿಸಿ ಸೊಸೆಯ ಬಾಯಿ ಮುಚ್ಚಿಸುವುದು ಇವು ಅದೇ ತರ್ಕದ ಇಂದಿನ ರೂಪಗಳು. ಹೀಗೆ ಕೇಳಿ ಪಡೆದ ಕೃತಜ್ಞತೆಯಿಂದ ಕೊಟ್ಟವರಿಗೂ ಪಡೆದವರಿಗೂ ಸಂತೋಷ ದೊರೆತ ದಾಖಲೆ ಮೇಲಿನ ಯಾವ ಪ್ರಯೋಗದಲ್ಲಿಯೂ ಇಲ್ಲ.